ನೆರಳು ಅಂದ್ರೆ ಕಪ್ಪಲ್ಲ, ತಮ್ಮಾ

ನಮ್ಮಪ್ಪ ಕೊಟ್ಟೂರಿನಲ್ಲಿ ಬೋರ್ಡ್ ಬರೆಯೋರು. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಎಷ್ಟೋ ಅಂಗಡಿಗಳ ಹೆಸರು ಅವರ ಕೈಬರಹ. ಫ್ಲೆಕ್ಸ್ ಬಂತು, ಬ್ರಷ್ ಮೂಲೆ ಸೇರಿತು. ನಾನು ಬೆಂಗಳೂರಿನಲ್ಲಿ ಐಟಿ ಕೆಲಸ ಹಿಡಿದೆ.

ಕಳೆದ ವರ್ಷ ಅಪ್ಪನಿಗೆ ಗ್ಲಾಕೋಮಾ ಅಂತ ಗೊತ್ತಾಯ್ತು. ಹೋದ ದೃಷ್ಟಿ ಮರಳಲ್ಲ, ಉಳಿದದ್ದನ್ನು ಕಾಪಾಡಬಹುದು ಅಂದ್ರು ಡಾಕ್ಟರ್. ಅಪ್ಪನ ಕಣ್ಣಿಗೆ ಕಾಣುವಾಗಲೇ ಅವರ ಮುಖವನ್ನು ಎಣ್ಣೆಬಣ್ಣದಲ್ಲಿ ಬರೆಯಬೇಕು ಅನ್ನಿಸಿತು. ಆದರೆ ನನಗೆ ಬರೆಯೋಕೆ ಬರಬೇಕಲ್ಲ?

ಮೊದಲು ನಕಲು ಮಾಡಿ ಕಲಿಯೋಣ ಅಂತ ವಿನ್ಸೆಂಟ್ ವ್ಯಾನ್ ಗೋನ ಸ್ವಂತ ಮುಖದ ಚಿತ್ರವೊಂದನ್ನು ಪ್ರಿಂಟ್ ಹಾಕಿಸಿದೆ. 1889ರಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಬರೆದದ್ದು. ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಮಾಡೆಲ್‌ಗಳಿಗೆ ಕೊಡಲು ದುಡ್ಡಿಲ್ಲದೆ ಕನ್ನಡಿ ಮುಂದೆ ಕೂತು ತನ್ನನ್ನೇ ಬರೆದುಕೊಂಡವನು ಅವನು. ಅವನೂ ನಕಲು ಮಾಡಿದ್ದ. ಅದೇ ಆಸ್ಪತ್ರೆಯಲ್ಲಿ ಮಿಲೆಯ ಸುಮಾರು 20 ಚಿತ್ರಗಳನ್ನು ಕಪ್ಪು-ಬಿಳುಪು ಪ್ರಿಂಟ್ ನೋಡಿ, ಬಣ್ಣ ಮಾತ್ರ ತನ್ನದೇ ಹಾಕಿ ಬರೆದ.

ನನ್ನ ಮೊದಲ ನಕಲು ಜಾತ್ರೆಯ ಮುಖವಾಡದಂಗಿತ್ತು. ಅಪ್ಪ ಗೋಡೆ ಮೇಲೆ ಹಾಕುತ್ತಿದ್ದ ಹಾಗೆ ಚೌಕಗಳನ್ನು ಎಳೆದಿದ್ದೆ, ಅಳತೆ ಸರಿಯಿತ್ತು. ಆದರೆ ಇಡೀ ಮುಖಕ್ಕೆ ಒಂದೇ ಮೈಬಣ್ಣ, ನೆರಳಿಗೆ ಕಪ್ಪು. ಎಲ್ಲ ಕಲಸಿ ರಾಡಿ.

ಅಪ್ಪ ಕ್ಯಾನ್ವಾಸನ್ನು ನೇರ ಕಣ್ಣಿನೆದುರು ಹಿಡಿದು ನೋಡಿದರು. ಹೊಸ್ತಿಲ ಹತ್ರ ಅವ್ವ ಹಡಗಲಿ ಮಲ್ಲಿಗೆ ಕಟ್ಟುತ್ತಿದ್ದಳು. ಒಂದು ಮೊಗ್ಗು ತಂದು ಕೈಗಿಟ್ಟರು.

"ಇದರ ನೆರಳು ಕಡೆ ಯಾವ ಬಣ್ಣ ಐತಿ?"

"ಬಿಳಿನೇ ಅಲ್ವಾ ಅಪ್ಪಾ?"

"ಸರಿಯಾಗಿ ನೋಡು. ನೆರಳು ಅಂದ್ರೆ ಕಪ್ಪಲ್ಲ, ತಮ್ಮಾ."

ಆಕಾಶದ ಬೆಳಕು ಬಿದ್ದ ಕಡೆ ತಿಳಿನೀಲಿ, ತೊಟ್ಟಿನ ಹತ್ರ ಹಸಿರು. ಮತ್ತೆ ವ್ಯಾನ್ ಗೋ ಕಡೆ ತಿರುಗಿದೆ. ಮುಖದ ನೆರಳಲ್ಲಿ ಹಸಿರು! ಪಕ್ಕದಲ್ಲಿ ಕೆಂಗಂದು ಗಡ್ಡ, ಹಿಂದೆ ಸುಳಿ ಸುಳಿಯಾದ ನೀಲಿ. ಕಿತ್ತಳೆಯನ್ನು ಉರಿಸ್ತಿರೋದೇ ಆ ನೀಲಿ. ಮೂರು ದಿನ ನೋಡಿದ್ದೆ, ಕಂಡೇ ಇರಲಿಲ್ಲ.

ಚಾಕುವಿನಿಂದ ಬಣ್ಣ ಕೆರೆದು ಮತ್ತೆ ಶುರು ಮಾಡಿದೆ. ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಕಂದು ಬಣ್ಣದಲ್ಲಿ ದೊಡ್ಡ ಆಕಾರಗಳು ಮಾತ್ರ. ಕಣ್ಣು, ತುಟಿ ಆಮೇಲೆ. ಮೇಲಿನ ಪದರಕ್ಕೆ ಎಣ್ಣೆ ಜಾಸ್ತಿ ಇರಬೇಕು. ಕೆಳಗೆ ಎಣ್ಣೆ ಹೆಚ್ಚಾದರೆ ಅದು ನಿಧಾನ ಒಣಗಿ, ಮೇಲಿನ ಪದರ ಬಿರುಕು ಬಿಡುತ್ತೆ. ಆ ಎಣ್ಣೆ ಯಾವುದು ಗೊತ್ತಾ? ಅವ್ವ ಚಟ್ನಿಪುಡಿ ಮಾಡೋ ಅಗಸೆಯದ್ದೇ! ಅದು ನೀರಿನಂತೆ ಆರಲ್ಲ, ಗಾಳಿಯ ಆಕ್ಸಿಜನ್ ಹೀರಿ ಗಟ್ಟಿಯಾಗುತ್ತೆ. ಅದಕ್ಕೇ ದಿನಗಟ್ಟಲೆ ಕಾಯಬೇಕು. ನಮ್ಮೂರ ಧೂಳು ಅಂಟದಿರಲಿ ಅಂತ ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ಇಡ್ತೀನಿ.

ಎರಡನೇ ನಕಲು ವ್ಯಾನ್ ಗೋನಂತೆ ಆಗಲಿಲ್ಲ. ಆದರೆ ಅದೊಂದು ಮನುಷ್ಯನ ಮುಖ ಅನ್ನಿಸಿತು.

ಈಗ ಅಪ್ಪನ ಸರದಿ. ಎರಡು ವಾರಕ್ಕೊಮ್ಮೆ ಶನಿವಾರ ಊರಿಗೆ ಬರ್ತೀನಿ, ಅಪ್ಪ ಕಿಟಕಿ ಪಕ್ಕ ಕೂರ್ತಾರೆ. ಕೆನ್ನೆಯ ಕೆಳಗೆ ಹಸಿರು ಹಚ್ಚಿದಾಗ "ನನಗೇನು ಪಾಚಿ ಕಟ್ಟೈತೇನು?" ಅಂತ ನಕ್ಕರು. ಕಣ್ಣು ಇನ್ನೂ ಬರೆದಿಲ್ಲ.

"ಅವಸರ ಮಾಡಬೇಡ, ಕೆಳಗಿನ ಬಣ್ಣ ಒಣಗಲಿ" ಅಂತಾರೆ ಅಪ್ಪ. ಬಣ್ಣಕ್ಕೆ ಅವಸರ ಇಲ್ಲ. ನನಗಿದೆ.