ತಾಮ್ರದ ಗಣಿ ದ್ರಾಕ್ಷಿ ತೋಟವಾದದ್ದು

ನಮ್ಮ ಹೊಲದ ಮೇಲ್ತುದಿ ಎರಡೆಕರೆ ಬರೀ ಕಲ್ಲು. ಹೋದ ವರ್ಷ ಕ್ರಷರ್‌ನವರೊಬ್ಬರು ಬಂದು ಕೊಡ್ತೀರಾ ಅಂತ ಕೇಳಿದರು. ಮಗನಿಗೂ ಮನಸ್ಸಿತ್ತು. "ಅಲ್ಲೇನು ಬೆಳೀತೈತೆ ಅಪ್ಪಾ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಹೊತ್ತಿಗೆ ಜರ್ಮನಿಯ ಒಂದು ದ್ರಾಕ್ಷಿ ತೋಟದ ಸಂಗತಿ ಓದಲು ಸಿಕ್ಕಿತು. ನಾನು ನೋಡಿ ಬಂದದ್ದಲ್ಲ, ಓದಿ ತಿಳಿದದ್ದು. ವೈನ್ ಕುಡಿಯುವ ವಿಚಾರವೂ ಅಲ್ಲ, ನೆಲದ ವಿಚಾರ.

ಅಲ್ಲಿ ರೈನ್ ನದಿಗೆ ಸೇರುವ ನಾಹೆ ಅಂತ ಒಂದು ಹೊಳೆ. ಅದರ ದಡದಲ್ಲಿ ನೀಡರ್‌ಹೌಸನ್ ಊರು. ಪಕ್ಕದ ಷ್ಲಾಸ್‌ಬೊಕೆಲ್‌ಹೈಮ್ ಗುಡ್ಡದಲ್ಲಿ ಹಿಂದೆ ತಾಮ್ರ ತೆಗೆಯುತ್ತಿದ್ದರು, ನಮ್ಮ ಚಿತ್ರದುರ್ಗದ ಇಂಗಳದಾಳದಲ್ಲಿ ತೆಗೆಯುತ್ತಿದ್ದ ಹಾಗೆ. ಗಣಿ ನಿಂತ ಮೇಲೆ ಉಳಿದದ್ದು ಕಲ್ಲು, ಕುರುಚಲು. 1902ರಲ್ಲಿ ಪ್ರಷ್ಯಾ ಸರ್ಕಾರ ಇಲ್ಲಿ ತನ್ನದೇ ದ್ರಾಕ್ಷಿ ತೋಟ ಶುರು ಮಾಡಿತು. ಸುತ್ತಲ ಬೆಳೆಗಾರರಿಗೆ ಮಾದರಿ ಆಗಲಿ ಅಂತ.

ದುಡಿದವರು ಜೈಲಿನ ಕೈದಿಗಳು. ಕುರುಚಲು ಕಡಿದರು, ಬಂಡೆಗೆ ಮದ್ದಿಟ್ಟು ಒಡೆದರು, ಇಳಿಜಾರನ್ನು ಮೆಟ್ಟಿಲು ಮಾಡಿದರು. ಆ ತೋಟಕ್ಕೆ ಕುಪ್‌ಫರ್‌ಗ್ರೂಬೆ ಅಂತಲೇ ಹೆಸರು, ಅಂದ್ರೆ ತಾಮ್ರದ ಗಣಿ. ಬಾಟಲಿಯ ಚೀಟಿ ಮೇಲೆ ಪ್ರಷ್ಯಾದ ಹದ್ದಿನ ಚಿತ್ರ ಬಂತು. ಕೈದಿಗಳ ಹೆಸರು ಬರಲಿಲ್ಲ. ನಮ್ಮ ಬರಗಾಲದ ಕಾಮಗಾರಿಯ ಕೆರೆ ಏರಿಗಳ ಮೇಲೆ ಬುಟ್ಟಿ ಹೊತ್ತವರ ಹೆಸರು ಎಲ್ಲೈತೆ?

ಮಣ್ಣಿರುವ ಸಮನೆಲ ಬಿಟ್ಟು ಈ ಕಲ್ಲೇ ಯಾಕೆ ಬೇಕಾಯಿತು ಅಂತ ನನಗೂ ಅನ್ನಿಸಿತ್ತು. ಅದು ಚಳಿ ದೇಶ, ಬಿಸಿಲು ಓರೆಯಾಗಿ ಬೀಳುತ್ತದೆ. ಅಲ್ಲಿ ಬೆಳೆಯುವ ರೀಸ್ಲಿಂಗ್ ತಳಿ ಹಣ್ಣಾಗುವುದು ತಡ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿಗೆ ಬಿಸಿಲು ನೇರ ಬೀಳುತ್ತದೆ. ಹಗಲು ಕಾದ ಕಲ್ಲು ರಾತ್ರಿ ಬಳ್ಳಿಗೆ ಬೆಚ್ಚಗೆ ಕೊಡುತ್ತದೆ. ನೀರು ನಿಲ್ಲುವುದಿಲ್ಲ, ಬೇರು ಬಂಡೆಯ ಸಂದಿಯಲ್ಲಿ ಆಳಕ್ಕೆ ಹೋಗುತ್ತದೆ. ಹತ್ತಿರದಲ್ಲೇ ರೋಟನ್‌ಫೆಲ್ಸ್ ಅಂತ ಸುಮಾರು 200 ಮೀಟರ್ ಎತ್ತರದ ಬಂಡೆಗೋಡೆ ಇದೆ. ಅದರ ಬುಡದ ಬಾಸ್ಟೈ ಅನ್ನುವ ಸಣ್ಣ ತುಂಡು ನೆಲದಲ್ಲೂ ಈ ತೋಟದವರು ದ್ರಾಕ್ಷಿ ಬೆಳೆದರು.

ನಮಗೆ ಬಿಸಿಲು ಕಡಿಮೆ ಇಲ್ಲ ಬಿಡಿ, ಅವರ ಲೆಕ್ಕ ಇಲ್ಲಿಗೆ ಹಾಗೇ ಕೂರುವುದಿಲ್ಲ. ಆದರೆ ಕಲ್ಲೆಲ್ಲ ಆರಿಸಿ ಎಸೆದ ಹೊಲಕ್ಕಿಂತ ಸಣ್ಣ ಕಲ್ಲು ಬಿಟ್ಟ ಹೊಲ ತೇವ ಹಿಡೀತೈತೆ ಅಂತ ನಮ್ಮಪ್ಪ ಹೇಳುತ್ತಿದ್ದ. ನಾವು ಕೇಳಲಿಲ್ಲ.

ಇಳಿಜಾರಿನ ಕಷ್ಟವೂ ಇದೆ. ಸಮನೆಲದಲ್ಲಿ ಯಂತ್ರ ಮಾಡುವ ಕೆಲಸವನ್ನು ಅಲ್ಲಿ ಕೈಯಲ್ಲೇ ಮಾಡಬೇಕು. ಕೂಲಿ ಏರಿದ ಹಾಗೆ ಜರ್ಮನಿಯಲ್ಲಿ ಇಂಥ ಎಷ್ಟೋ ಗುಡ್ಡದ ತೋಟಗಳು ಪಾಳು ಬಿದ್ದಿವೆ.

ಇದು ಪಾಳು ಬೀಳಲಿಲ್ಲ, ಕೈ ಬದಲಾಯಿತು. ಎರಡನೇ ಮಹಾಯುದ್ಧದ ನಂತರ ಪ್ರಷ್ಯಾ ಅನ್ನುವ ರಾಜ್ಯವೇ ಇಲ್ಲವಾಗಿ, ತೋಟ ರೈನ್‌ಲ್ಯಾಂಡ್-ಪಲಾಟಿನೇಟ್ ರಾಜ್ಯಕ್ಕೆ ಬಂತು. 1998ರಲ್ಲಿ ಸರ್ಕಾರ ಖಾಸಗಿಯವರಿಗೆ ಮಾರಿತು. 2009ರಲ್ಲಿ ಇನ್ನೊಬ್ಬರು ಕೊಂಡು ಗುಟ್ ಹರ್ಮಾನ್ಸ್‌ಬರ್ಗ್ ಅಂತ ಹೊಸ ಹೆಸರಿಟ್ಟರು. ಸುಮಾರು 30 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 75 ಎಕರೆ. ಬೆಳೆ ಅದೇ ರೀಸ್ಲಿಂಗ್.

ಸರ್ಕಾರದ ದುಡ್ಡು, ಪುಕ್ಕಟೆ ಆಳು ಇದ್ದದ್ದಕ್ಕೆ ಅದು ಆಯಿತು. ನಮಗೆ ಎರಡೂ ಇಲ್ಲ. ಈ ಬೇಸಿಗೆಯಲ್ಲಿ ಮಗನೂ ನಾನೂ ಅಲ್ಲಿನ ಕಲ್ಲಿನಿಂದಲೇ ಎರಡು ಸಾಲು ಬದು ಹಾಕಿದೆವು. ನಮ್ಮ ಕೂಲಿ ಲೆಕ್ಕ ಹಿಡಿದರೆ ಗಿಟ್ಟುವ ಮಾತಲ್ಲ. ಬದುವಿನ ಮೇಲುಗಡೆ ಸೀತಾಫಲ ನೆಡುವ ಯೋಚನೆ ಇದೆ. ಕ್ರಷರ್‌ನವರಿಗೆ ಇನ್ನೂ ಹೂಂ ಅಂದಿಲ್ಲ, ಉಹುಂ ಅಂತಲೂ ಅಂದಿಲ್ಲ. ಇಂಥ ನೆಲದಲ್ಲಿ ಏನಾದರೂ ಬೆಳೆದವರಿದ್ದರೆ ಪತ್ರಿಕೆಗೆ ಬರೆಯಿರಿ.