ರೋಗಿಯ ದಾಖಲೆಗೆ ವೈದ್ಯದೃಷ್ಟಿ ಅವಶ್ಯ

ಮಸ್ಕಿಯ ಬಂಡೆಯ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ ಇತಿಹಾಸದ ದೊಡ್ಡದೊಂದು ಸಂದೇಹವು ಪರಿಹಾರವಾಯಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಲೇ ಕಾಣಿಸಿಕೊಂಡಿದ್ದ ಅರಸನು ಅಶೋಕನೇ ಎಂಬ ವಿದ್ವಾಂಸರ ಅಭಿಪ್ರಾಯಕ್ಕೆ ಈ ಬಂಡೆಯ ಮೇಲಿನ ಹೆಸರು ಸಾಕ್ಷಿಯಾಯಿತು. ಸರಿಯಾಗಿ ಬರೆದಿಟ್ಟ ಒಂದು ಹೆಸರಿನ ಬೆಲೆ ಅಷ್ಟು! ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಆಸ್ಪತ್ರೆಗಳಿಗೆ ಬರುವ ಬಡ ರೋಗಿಯ ವಿಷಯದಲ್ಲಿಯೂ ಈ ಮಾತು ಸತ್ಯವು. ಬಸವರಾಜ, ಹನುಮಂತ ಎಂಬ ಹೆಸರಿನವರು ಊರಿಗೆ ಹತ್ತು ಮಂದಿಯಿರುವ ಸೀಮೆಯಲ್ಲಿ ಒಬ್ಬನ ರಕ್ತಪರೀಕ್ಷೆಯ ಫಲವು ಮತ್ತೊಬ್ಬನ ಹೆಸರಿಗೆ ಸೇರಿದರೆ ಆಗುವ ಅನಾಹುತಕ್ಕೆ ಹೊಣೆ ಯಾರು?

ಇದಕ್ಕೆ ಪರಿಹಾರವಾಗಿ ಕೇಂದ್ರ ಸರಕಾರದವರು ಗಣಕಯಂತ್ರದ ದಾಖಲೆಗಳನ್ನು ಪ್ರೋತ್ಸಾಹಿಸುತ್ತಿರುವರು. ಅವುಗಳ ನಿಯಮಾವಳಿಯು 2013ರಲ್ಲಿ ಹೊರಟು 2016ರಲ್ಲಿ ತಿದ್ದುಪಡಿಯಾಯಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಜಾರಿಗೆ ಬಂದು, ಪ್ರಜೆಯೊಬ್ಬನಿಗೆ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಡುವ ಏರ್ಪಾಡಾಯಿತು. ಗುಳೆ ಹೋದ ಕೂಲಿಯವನು ಬೆಂಗಳೂರಿನಲ್ಲಿ ಹಾಸಿಗೆ ಹಿಡಿದರೂ, ಅವನ ಸಮ್ಮತಿಯಿಂದ ಊರಿನ ವೈದ್ಯರ ಬರಹವು ಅಲ್ಲಿ ದೊರೆಯಬೇಕೆಂಬುದು ಇದರ ಉದ್ದೇಶವು. ಉದ್ದೇಶವೇನೋ ಸ್ತುತ್ಯವಾದುದು. ಆದರೆ ಯಂತ್ರದಲ್ಲಿ ಏನನ್ನು ಬರೆಯಬೇಕು, ಯಾವ ಕ್ರಮದಲ್ಲಿ ಬರೆಯಬೇಕೆಂಬುದನ್ನು ನಿರ್ಣಯಿಸತಕ್ಕವರು ಯಾರು?

ರೋಗಿಯ ಹಾಸಿಗೆಯ ಬಳಿ ನಿಂತು ಅನುಭವವುಳ್ಳ ವೈದ್ಯರಾಗಲಿ ದಾದಿಯರಾಗಲಿ ಯಂತ್ರದ ರೀತಿನೀತಿಗಳನ್ನೂ ಕಲಿತು, ಅದನ್ನು ರಚಿಸುವವರಿಗೂ ಬಳಸುವವರಿಗೂ ನಡುವೆ ಸೇತುವೆಯಾಗಿ ದುಡಿಯುವ ಉದ್ಯೋಗವೊಂದು ಪರದೇಶಗಳಲ್ಲಿ ಬೆಳೆದು ಬಂದಿದೆ. ಇಂಥ ವ್ಯವಸ್ಥೆಯ ಅಪಾಯಗಳನ್ನು ನೋಂದಾಯಿತ ವೈದ್ಯವೃತ್ತಿಯವರೊಬ್ಬರು ಪರಿಶೀಲಿಸಿಯೇ ತೀರಬೇಕೆಂದು ಇಂಗ್ಲೆಂಡಿನಲ್ಲಿ ನಿಯಮವುಂಟು. ನಮ್ಮಲ್ಲಿಯೂ ಇದು ಅತ್ಯವಶ್ಯವೆಂಬುದಕ್ಕೆ ಒಂದು ನಿದರ್ಶನ ಸಾಕು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಸೀಮೆಯು ಬತ್ತದ ಕಣಜವಾಗಿದೆ. ಬತ್ತದ ಗದ್ದೆಯಿದ್ದಲ್ಲಿ ಹಾವಿನ ಭಯವೂ ಉಂಟು. ಕಡಿತಕ್ಕೊಳಗಾದವನಿಗೆ ತಾಲೂಕಿನಲ್ಲಿ ಪ್ರಥಮ ಚಿಕಿತ್ಸೆಯಾಗಿ, ಸ್ಥಿತಿಯು ವಿಷಮಿಸಿದರೆ ರಾಯಚೂರಿಗೆ ಕಳಿಸಬೇಕಾಗುವುದು. ಅಲ್ಲಿಯ ವೈದ್ಯರಿಗೆ ಮೊದಲು ಬೇಕಾದುದು ರೋಗಿಯ ಜಾತಿ, ಉದ್ಯೋಗ, ವಿಳಾಸಗಳಲ್ಲ. ಹಾವು ಕಡಿದದ್ದು ಎಷ್ಟು ಹೊತ್ತಿಗೆ? ವಿಷನಿವಾರಕ ಔಷಧವನ್ನು ಎಷ್ಟು ಸೀಸೆ ಕೊಡಲಾಯಿತು? ಗಾಜಿನ ನಳಿಕೆಯಲ್ಲಿ 20 ನಿಮಿಷವಿಟ್ಟ ರಕ್ತವು ಹೆಪ್ಪುಗಟ್ಟಿತೋ ಇಲ್ಲವೋ? ಈ ಮೂರು ಪ್ರಶ್ನೆಗಳು ದಾಖಲೆಯ ಮೊದಲನೆಯ ಪುಟದಲ್ಲಿರಬೇಕೆಂದು ಹೇಳಬಲ್ಲವರು ಅಂಥ ರೋಗಿಯನ್ನು ಕಣ್ಣಾರೆ ಕಂಡವರೇ ಹೊರತು, ದೂರದ ನಗರದ ಯಂತ್ರಶಿಲ್ಪಿಗಳಲ್ಲ.

ವೈದ್ಯರೇ ಸಾಲದಿರುವಾಗ ಈ ಹೊಸ ಹುದ್ದೆಯ ಭಾರವೇಕೆಂದು ಕೆಲವರು ಕೇಳಬಹುದು. ವೈದ್ಯರ ಹುದ್ದೆಗಳನ್ನು ಮೊದಲು ತುಂಬತಕ್ಕದ್ದು ಎಂಬುದು ನಿರ್ವಿವಾದ. ಆದರೆ ಇರುವ ದಾದಿಯು ಒಂದೇ ಸಂಗತಿಯನ್ನು ರಿಜಿಸ್ಟರಿನಲ್ಲಿ ಒಮ್ಮೆ, ತಾಯಿ ಕಾರ್ಡಿನಲ್ಲಿ ಒಮ್ಮೆ, ಯಂತ್ರದಲ್ಲಿ ಮತ್ತೊಮ್ಮೆ ಬರೆಯುತ್ತ ಕುಳಿತರೆ ರೋಗಿಯ ನಾಡಿ ಹಿಡಿಯುವವರು ಯಾರು? ಈ ಪುನರುಕ್ತಿಯನ್ನು ತೊಡೆಯುವುದೇ ತಜ್ಞರ ಪ್ರಥಮ ಕರ್ತವ್ಯ. ಯಂತ್ರವು ಕ್ಷಣಕ್ಷಣಕ್ಕೂ ಎಚ್ಚರಿಕೆ ಕೊಡತೊಡಗಿದರೆ ವೈದ್ಯರು ಯಾವುದನ್ನೂ ಓದದಂತಾಗುವರು. ಆದುದರಿಂದ ಪ್ರಾಣಕ್ಕೆ ಸಂಬಂಧಿಸಿದ ಕೆಲವನ್ನೇ ಆರಿಸಬೇಕು. ವಿದ್ಯುತ್ತು ನಿಂತಾಗ ಕಾಗದದ ಮೇಲೆ ಕೆಲಸ ಸಾಗುವ ಕ್ರಮವನ್ನೂ ಮೊದಲೇ ಗೊತ್ತುಮಾಡಿರಬೇಕು. ರೋಗಿಗೆ ಕೊಡುವ ಚೀಟಿಯು ಕನ್ನಡದಲ್ಲಿರಬೇಕು. ತಾನು ಓದಲಾರದ ಚೀಟಿಯಿಂದ ಔಷಧದ ಹೊತ್ತನ್ನು ಅವನು ತಿಳಿಯುವುದೆಂತು? ಗುಟ್ಟು ಕಾಪಾಡುವುದಂತೂ ಇನ್ನೂ ಮುಖ್ಯವು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಕಾನೂನು ಆಗಿದ್ದರೂ, ಕ್ಷಯರೋಗಿಯ ಹೆಸರು ಊರ ಬಾಯಿಗೆ ಬೀಳದಂತೆ ನೋಡಿಕೊಳ್ಳತಕ್ಕವರು ಆಸ್ಪತ್ರೆಯೊಳಗಿನವರೇ.

ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಸಂವಿಧಾನದ 371ಜೆ ವಿಧಿಯು ಈ ಭಾಗದವರಿಗೆ ಸರಕಾರಿ ಉದ್ಯೋಗದಲ್ಲಿ ಪಾಲನ್ನು ಕೊಟ್ಟಿದೆ. ತಾಲೂಕು ಆಸ್ಪತ್ರೆಗಳಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದ ದಾದಿಯರಲ್ಲಿ ಕೆಲವರನ್ನಾದರೂ ಆರಿಸಿ, ಈ ವಿದ್ಯೆಯಲ್ಲಿ ತರಬೇತು ಕೊಟ್ಟು, ತಕ್ಕ ವೇತನವನ್ನೂ ಅಧಿಕಾರವನ್ನೂ ಕೊಡುವುದು ಅಸಾಧ್ಯವೇನೂ ಅಲ್ಲ. ಯಂತ್ರಗಳನ್ನು ಕೊಳ್ಳುವ ಹಣದಲ್ಲಿ ಅಲ್ಪಾಂಶವನ್ನು ಇದಕ್ಕೆ ಮೀಸಲಿಡುವಂತೆ ಅಧಿಕಾರಿಗಳು ಮನಸ್ಸು ಮಾಡಲಿ. ದಾಖಲೆ ಇರುವುದು ರೋಗಿಗಾಗಿ. ಅವನನ್ನು ಬಲ್ಲವರ ಕೈಯಲ್ಲಿಯೇ ಅದು ರೂಪುಗೊಳ್ಳಲಿ.