ಘಟ್ಟದ ದಾರಿ ಮತ್ತು ಪುಟ್ಟ ಮಕ್ಕಳು

ರಜೆಯಲ್ಲಿ ಮನೆಮಂದಿಯೆಲ್ಲ ಶಿವಮೊಗ್ಗದಿಂದ ಆಗುಂಬೆ ಘಟ್ಟವಿಳಿದು ಉಡುಪಿಗೆ ಹೊರಟರೆ, 14 ಹೇರ್‌ಪಿನ್ ತಿರುವುಗಳಲ್ಲಿ ಮೊದಲು ಬಳಲುವವರು ಪುಟ್ಟ ಮಕ್ಕಳು. ಹೀಗೇಕೆ? ಒಳಗಿವಿಯಲ್ಲಿರುವ ದ್ರವವು ದೇಹದ ಚಲನೆಯನ್ನು ಮಿದುಳಿಗೆ ತಿಳಿಸುತ್ತದೆ. ಆದರೆ ಪುಸ್ತಕದ ಮೇಲೋ, ಮುಂದಿನ ಸೀಟಿನ ಬೆನ್ನಿನ ಮೇಲೋ ನೆಟ್ಟ ಕಣ್ಣು ‘ಎಲ್ಲವೂ ನಿಶ್ಚಲ’ ಎನ್ನುತ್ತದೆ. ಈ ಎರಡು ಸಂದೇಶಗಳ ತಿಕ್ಕಾಟದಿಂದಲೇ ವಾಕರಿಕೆ. 2ರಿಂದ 12 ವರ್ಷದವರಲ್ಲಿ ಇದು ಹೆಚ್ಚು. ಇದು ಮಗುವಿನ ಹಟವಲ್ಲ, ಗದರಿಸಿ ಫಲವಿಲ್ಲ.

ಆದ್ದರಿಂದ ಪ್ರವಾಸದ ಯೋಜನೆಯು ನೋಡಬೇಕಾದ ಸ್ಥಳಗಳ ಪಟ್ಟಿಯಿಂದಲ್ಲ, ಮಗು ತಾಳಬಲ್ಲ ದೂರದಿಂದ ಆರಂಭವಾಗಲಿ. ಘಟ್ಟಕ್ಕೆ ಮುನ್ನ ಹಗುರವಾದ ಉಪಾಹಾರ, ಬಸ್ಸಿನಲ್ಲಾದರೆ ಚಾಲಕನ ಹಿಂದಿನ ಸಾಲು, ದೂರದ ಬೆಟ್ಟದತ್ತ ನೋಟ, ನಡುನಡುವೆ ನಿಲುಗಡೆ ಇರಲಿ. ವಾಂತಿಯಾದರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳಿಯೇ ಕೊಡಿ.